ಚಿಕ್ಕಬಳ್ಳಾಪುರ ಸೀಮೆಯ ಕೂಲಿ ಮತ್ತು ಆಳಿನ ಅಭಾವ

ನಂದಿಬೆಟ್ಟದ ಬುಡದಿಂದ ಮೊದಲ್ಗೊಂಡು ಆಂಧ್ರಪ್ರದೇಶದ ಗಡಿಯವರೆಗೆ ಹಬ್ಬಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಲ್ಲಿ ಬೇಸಾಯ, ರೇಷ್ಮೆ, ಕಲ್ಲುಗಣಿ, ಗಾರೆಕೆಲಸ, ಸಿದ್ಧ ಉಡುಪಿನ ಕಾರ್ಖಾನೆ ಮೊದಲಾದ ಉದ್ಯಮಗಳು ಒಂದೇ ಜನಸಮುದಾಯದ ತೋಳ್ಬಲವನ್ನು ಆಶ್ರಯಿಸಿಕೊಂಡು ಪರಸ್ಪರ ಸ್ಪರ್ಧಿಸುತ್ತ ನಡೆಯುತ್ತಿರುವುದರಿಂದ ಉಂಟಾದ ಕೂಲಿಯ ತಾರತಮ್ಯವೂ, ಅದರ ಜೊತೆಯಲ್ಲಿಯೇ ಬೆಳೆದುಬಂದ ಆಳಿನ ಅಭಾವವೂ ಈ ಲೇಖನದ ವಿಷಯ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಂತಹ ಊರಿನಲ್ಲಿ ಟೊಮೊಟೊ ತೋಟದ ರೈತನೂ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ರೀಲರನೂ, ಬೆಂಗಳೂರಿನ ಕಟ್ಟಡಗಳಿಗೆ ಜನರನ್ನು ಒದಗಿಸುವ ಮೇಸ್ತ್ರಿಯೂ ಒಂದೇ ಮಾತನ್ನು ಆಡುತ್ತಾರೆ: ‘ಆಳು ಸಿಗುವುದಿಲ್ಲ.’ ಅದೇ ಊರಿನ ಕೂಲಿಕಾರನನ್ನು ಕೇಳಿದರೆ, ವರ್ಷದಲ್ಲಿ ಎಷ್ಟೋ ದಿನ ತನಗೆ ಕೆಲಸವೇ ಸಿಗುವುದಿಲ್ಲವೆಂದು ಆತನೂ ಹೇಳುತ್ತಾನೆ.

ಈ ಎರಡು ಮಾತುಗಳೂ ನಿಜವೇ. ಅಭಾವವೆಂಬ ಶಬ್ದಕ್ಕೆ ಜನರೇ ಇಲ್ಲವೆಂಬ ಅರ್ಥವನ್ನು ಮಾಡಿದರೆ ಇವುಗಳಲ್ಲಿ ಒಂದು ಸುಳ್ಳಾಗಬೇಕಾಗುತ್ತದೆ. ಬೇಕಾದ ದಿನ, ಬೇಕಾದ ಸ್ಥಳದಲ್ಲಿ, ಕೊಡಲು ಸಿದ್ಧವಿರುವ ಕೂಲಿಗೆ, ಹೇಳಿದ ನಿಬಂಧನೆಗಳಿಗೆ ಒಪ್ಪಿ ಬರತಕ್ಕವರು ಇಲ್ಲವೆಂದು ಅರ್ಥಮಾಡಿದರೆ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಕಾಲ, ದೂರ, ಕೂಲಿ, ಮರ್ಯಾದೆ ಎಂಬ ನಾಲ್ಕು ಅಳತೆಗೋಲುಗಳಿಂದ ಒಂದೊಂದು ಉದ್ಯಮವನ್ನೂ ಅಳೆದು ನೋಡಿದಲ್ಲಿ ಈ ಅಭಾವದ ಸ್ವರೂಪವು ಸ್ಪಷ್ಟವಾಗುವುದು.

ಸೀಮೆಯ ಸ್ವರೂಪ

ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯು ಸುಮಾರು 12.5 ಲಕ್ಷವಾಗಿದ್ದು, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಹಳ್ಳಿಗಳಲ್ಲಿ ವಾಸವಾಗಿದ್ದರು. ಪರಿಶಿಷ್ಟ ಜಾತಿಗಳವರು ಹತ್ತಿರಹತ್ತಿರ ಕಾಲುಭಾಗದಷ್ಟಿದ್ದರು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ಈ ಬೆಟ್ಟಗಳ ಮಡಿಲಲ್ಲಿಯೇ ಹುಟ್ಟಿದರೂ ಅವುಗಳಲ್ಲಿ ಒಂದೂ ಇಲ್ಲಿ ವರ್ಷವಿಡೀ ಹರಿಯುವುದಿಲ್ಲ. ಹಿಂದಿನವರು ಕಟ್ಟಿಸಿದ ಕೆರೆಗಳ ಸರಪಳಿಯೇ ಬೇಸಾಯಕ್ಕೆ ಆಧಾರವಾಗಿದ್ದಿತು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳು ಬಂದವು. ಅವು ಸಾವಿರ ಅಡಿಗಳನ್ನು ದಾಟಿ ಇಳಿದ ಮೇಲೆ, ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯ ನೀರನ್ನು ಶುದ್ಧೀಕರಿಸಿ ಇಲ್ಲಿಯ ಕೆರೆಗಳಿಗೆ ತುಂಬಿಸುವ ಯೋಜನೆಯು ಬಂದಿತು. ನೀರು ಅನಿಶ್ಚಿತವಾದಲ್ಲಿ ಬೆಳೆ ಅನಿಶ್ಚಿತ. ಬೆಳೆ ಅನಿಶ್ಚಿತವಾದಲ್ಲಿ ಕೂಲಿಯೂ ಅನಿಶ್ಚಿತ. ಈ ಸೀಮೆಯ ಶ್ರಮದ ಚರಿತ್ರೆಯೆಲ್ಲವೂ ಈ ಅನಿಶ್ಚಿತತೆಯಿಂದ ತಪ್ಪಿಸಿಕೊಳ್ಳಲು ಜನರು ಮಾಡಿದ ಪ್ರಯತ್ನವೆಂದರೆ ಅತ್ಯುಕ್ತಿಯಾಗಲಾರದು.

ಭೂಗೋಳವು ಕೊಟ್ಟ ಎರಡನೆಯ ಲಕ್ಷಣವೆಂದರೆ ಎರಡು ಕಡೆಯ ಸೆಳೆತ. ದಕ್ಷಿಣದಲ್ಲಿ ಬೆಂಗಳೂರು ಮಹಾನಗರವು ಎರಡು ಗಂಟೆಗಳ ಪ್ರಯಾಣದೊಳಗಿನ ದೂರದಲ್ಲಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದ ಮೇಲಂತೂ ನಗರವೇ ಚಿಕ್ಕಬಳ್ಳಾಪುರದ ಕಡೆಗೆ ನಡೆದು ಬಂದಂತಾಯಿತು. ಉತ್ತರ ಮತ್ತು ಪೂರ್ವಗಳಲ್ಲಿ ಹಿಂದೂಪುರ, ಕದಿರಿ, ಮದನಪಲ್ಲಿಗಳ ಒಣಭೂಮಿಯಿದ್ದು, ಅಲ್ಲಿಯ ಕೂಲಿಕಾರರು ಈ ಸೀಮೆಗೂ, ಇದರ ಮೂಲಕ ಬೆಂಗಳೂರಿಗೂ ಬರುತ್ತಾರೆ. ಕನ್ನಡ, ತೆಲುಗುಗಳೆರಡೂ ಮನೆಮಾತಾಗಿರುವ ಈ ಗಡಿನಾಡಿನಲ್ಲಿ ಕೂಲಿಯ ಮಾತುಕತೆಯು ಯಾವ ಭಾಷೆಯಲ್ಲಿ ಆರಂಭವಾದರೂ ನಿಲ್ಲುವುದಿಲ್ಲ. ಹೀಗೆ ಒಂದು ಕಡೆಯಿಂದ ಆಳನ್ನು ಪಡೆದು ಮತ್ತೊಂದು ಕಡೆಗೆ ಆಳನ್ನು ಕಳುಹಿಸುವ ಹೊಸ್ತಿಲಾಗಿ ಈ ನಾಲ್ಕು ತಾಲ್ಲೂಕುಗಳು ನಿಂತಿವೆ.

ಪೂರ್ವಕಾಲದ ವ್ಯವಸ್ಥೆ

ನಗದು ಕೂಲಿಯು ಸಾರ್ವತ್ರಿಕವಾಗುವ ಮೊದಲು ಶ್ರಮಕ್ಕೆ ಪ್ರತಿಫಲವು ಮೂರು ರೂಪಗಳಲ್ಲಿ ಸಲ್ಲುತ್ತಿದ್ದಿತು. ಕಮ್ಮಾರ, ಬಡಗಿ, ಅಗಸ, ತೋಟಿ, ನೀರಗಂಟಿ ಮುಂತಾದವರಿಗೆ ಸುಗ್ಗಿಯ ಕಣದಲ್ಲಿ ಧಾನ್ಯರೂಪದ ಆಯವು ಸಲ್ಲುತ್ತಿದ್ದುದು ಒಂದು. ನಾಟಿ, ಕಳೆ, ಕೊಯಿಲುಗಳಲ್ಲಿ ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬಂತೆ ನಡೆಯುತ್ತಿದ್ದ ಮುಯ್ಯಾಳಿನ ಪದ್ಧತಿಯು ಎರಡನೆಯದು. ಮದುವೆಗೋ ರೋಗಕ್ಕೋ ಪಡೆದ ಸಾಲವು ತೀರುವ ತನಕ, ಅಂದರೆ ಬಹುಮಟ್ಟಿಗೆ ಎಂದೆಂದಿಗೂ, ಒಡೆಯನ ಮನೆಯಲ್ಲಿ ದುಡಿಯತಕ್ಕ ಜೀತವು ಮೂರನೆಯದು. ಜೀತದಾಳಿಗೆ ಮುದ್ದೆ, ಬಟ್ಟೆ, ಕಂಬಳಿಗಳು ದೊರೆಯುತ್ತಿದ್ದವು, ಆಯ್ಕೆಯು ದೊರೆಯುತ್ತಿರಲಿಲ್ಲ. ಆಳಿಗೆ ಬರವೇ ಇರಲಿಲ್ಲವೆಂದು ಹಳಬರು ನೆನೆಯುವ ಕಾಲವು, ದುಡಿಯುವವನಿಗೆ ಬೇರೆ ದಾರಿಯೇ ಇಲ್ಲದಿದ್ದ ಕಾಲವೂ ಆಗಿತ್ತೆಂಬುದನ್ನು ಮರೆಯಬಾರದು.

ನೆರೆಯ ಕೋಲಾರದ ಚಿನ್ನದ ಗಣಿಯ ಇತಿಹಾಸವು ಈ ಮಾತಿಗೆ ಬೆಳಕು ಚೆಲ್ಲುತ್ತದೆ. 1880ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಬೆಳೆಯತೊಡಗಿದ ಆ ಗಣಿಗಳಿಗೆ ಸಹಸ್ರಾರು ಜನರು ಬೇಕಾದಾಗ, ಅವರಲ್ಲಿ ಬಹುಭಾಗವು ಉತ್ತರ ಆರ್ಕಾಟು ಮೊದಲಾದ ತಮಿಳು ಜಿಲ್ಲೆಗಳಿಂದ ಬಂದಿತೇ ಹೊರತು ಸುತ್ತಲಿನ ರೈತಾಪಿ ಹಳ್ಳಿಗಳಿಂದ ಅಷ್ಟಾಗಿ ಬರಲಿಲ್ಲ. ಸಮೀಪವಿದ್ದ ಮಾತ್ರಕ್ಕೆ ಶ್ರಮವು ಒಂದು ಉದ್ಯಮದಿಂದ ಮತ್ತೊಂದಕ್ಕೆ ಹರಿಯುವುದಿಲ್ಲ. ತಮ್ಮ ಬೆರಳಚ್ಚನ್ನು ಪಡೆಯುವ ನಿಯಮವನ್ನು ಪ್ರತಿಭಟಿಸಿ 1930ರಲ್ಲಿ ಅಲ್ಲಿಯ ಕಾರ್ಮಿಕರು ಹೂಡಿದ ಮುಷ್ಕರವು, ಕೂಲಿಯಷ್ಟೇ ಮರ್ಯಾದೆಯೂ ದುಡಿಯುವವನಿಗೆ ಮುಖ್ಯವೆಂಬುದನ್ನು ಅಂದೇ ತೋರಿಸಿದ್ದಿತು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದ ಮೇಲೆ ಅಲ್ಲಿಯ ಕುಟುಂಬಗಳ ಸಹಸ್ರಾರು ಮಂದಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವವರಾದರು.

ದೇವರಾಜ ಅರಸರ ಆಡಳಿತದಲ್ಲಿ 1974ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯೂ, ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಕೇಂದ್ರ ಶಾಸನವೂ ಹಳೆಯ ಕಟ್ಟನ್ನು ಕಾನೂನಿನ ಮಟ್ಟಿಗೆ ಬಿಡಿಸಿದವು. ಆದರೆ ಜಾತಿಯ ಕಟ್ಟು ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಲಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಸಜೀವವಾಗಿ ದಹಿಸಲಾಯಿತು; ಆರೋಪಿಗಳು ನ್ಯಾಯಾಲಯದಲ್ಲಿ ಖುಲಾಸೆಗೊಂಡರು. ಆ ಘೋರಕೃತ್ಯವು ಕೂಲಿಯ ವಿವಾದದಿಂದ ನೇರವಾಗಿ ಹುಟ್ಟಿದ್ದಲ್ಲವಾದರೂ, ಯಾವ ನೆಲದಲ್ಲಿ ಅದು ಸಾಧ್ಯವಾಯಿತೋ ಆ ನೆಲದ ಯುವಕನು ಊರೊಳಗಿನ ಹೊಲಕ್ಕಿಂತ ಊರಿನಿಂದ ಎಪ್ಪತ್ತು ಎಂಬತ್ತು ಕಿಲೋಮೀಟರು ದೂರದ ಕಟ್ಟಡವನ್ನು ಏಕೆ ಬಯಸುವನೆಂಬುದನ್ನು ತಿಳಿಯಲು ಕೂಲಿಯ ಲೆಕ್ಕವೊಂದೇ ಸಾಲದು.

ಹೊಲದ ಕೂಲಿ

ಮಳೆಯಾಶ್ರಯದ ರಾಗಿ, ನೆಲಗಡಲೆ, ಜೋಳಗಳೊಂದಿಗೆ ಕೊಳವೆಬಾವಿಯ ಆಶ್ರಯದ ಟೊಮೊಟೊ, ಆಲೂಗೆಡ್ಡೆ, ದ್ರಾಕ್ಷಿ, ಸೇವಂತಿಗೆ, ಗುಲಾಬಿಗಳೂ, ಚಿಂತಾಮಣಿಯ ಕಡೆ ಮಾವಿನ ತೋಪುಗಳೂ ಇಲ್ಲಿಯ ಬೆಳೆಗಳು. ಇವುಗಳಲ್ಲಿ ಒಂದೊಂದರ ಕೂಲಿಯ ಸ್ವಭಾವವೂ ಬೇರೆಬೇರೆ. ರಾಗಿಗೆ ಕಳೆ ಮತ್ತು ಕೊಯಿಲಿನ ಕೆಲವು ದಿನಗಳಲ್ಲಿ ಮಾತ್ರ ಹೆಚ್ಚು ಜನರು ಬೇಕು. ಊರಿನ ಎಲ್ಲರ ಹೊಲಕ್ಕೂ ಅದೇ ವಾರದಲ್ಲಿ ಬೇಕು. ಟೊಮೊಟೊವಿಗೆ ಸಸಿ ನೆಟ್ಟ ದಿನದಿಂದಲೂ ಕೈ ಬಿಡುವಿಲ್ಲ: ಕಡ್ಡಿ ನೆಡಬೇಕು, ದಾರ ಕಟ್ಟಬೇಕು, ಔಷಧಿ ಹೊಡೆಯಬೇಕು, ಕಾಯಿ ಬಣ್ಣಕ್ಕೆ ತಿರುಗಿದ ಮೇಲೆ ದಿನ ಬಿಟ್ಟು ದಿನ ಬಿಡಿಸಬೇಕು. ಹೂವಿನ ತೋಟದಲ್ಲಿ ನಸುಕಿನಲ್ಲಿಯೇ ಬಿಡಿಸದಿದ್ದರೆ ಆ ದಿನದ ಮಾರುಕಟ್ಟೆ ತಪ್ಪುತ್ತದೆ; ತಪ್ಪಿದ ಹೂವು ಮರುದಿನಕ್ಕೆ ಹೂವಾಗಿ ಉಳಿಯುವುದಿಲ್ಲ.

ಹೊಲದ ಕೂಲಿಯಲ್ಲಿ ದಿನಗೂಲಿ, ಗುತ್ತಿಗೆ ಎಂಬ ಎರಡು ಬಗೆಗಳುಂಟು. ದಿನಗೂಲಿಯಲ್ಲಿ ಗಂಡಾಳಿಗೂ ಹೆಣ್ಣಾಳಿಗೂ ಇರುವ ಅಂತರವು, ಸಮಾನ ವೇತನದ ಶಾಸನವು 1976ರಲ್ಲಿಯೇ ಬಂದಿದ್ದರೂ, ಇನ್ನೂ ಅಳಿದಿಲ್ಲ. ಉಳುಮೆ, ಮೂಟೆ ಹೊರುವುದು, ಔಷಧಿ ಹೊಡೆಯುವುದು ಗಂಡಸಿನ ಕೆಲಸವೆಂದೂ, ಕಳೆ, ನಾಟಿ, ಬಿಡಿಸುವುದು ಹೆಂಗಸಿನ ಕೆಲಸವೆಂದೂ ವಿಂಗಡಿಸಿ, ಕೆಲಸವೇ ಬೇರೆಯೆಂಬ ನೆವದಿಂದ ಕೂಲಿಯನ್ನೂ ಬೇರೆಯಾಗಿಸಲಾಗುತ್ತದೆ. ಗುತ್ತಿಗೆಯಲ್ಲಿ ಗುಂಪೊಂದು ಎಕರೆಗೆ ಇಷ್ಟು, ಪೆಟ್ಟಿಗೆಗೆ ಇಷ್ಟು ಎಂದು ಮಾತಾಡಿಕೊಂಡು ಕೆಲಸವನ್ನು ಬೇಗ ಮುಗಿಸಿ ಮತ್ತೊಂದು ತೋಟಕ್ಕೆ ಹೋಗುತ್ತದೆ. ಆಳು ವಿರಳವಾದಷ್ಟೂ ಗುತ್ತಿಗೆ ಹೆಚ್ಚುವುದು ಸ್ವಾಭಾವಿಕ. ಏಕೆಂದರೆ ಚುರುಕಾದ ಗುಂಪಿಗೆ ಅದರಲ್ಲಿ ಲಾಭವುಂಟು, ವಯಸ್ಸಾದವರಿಗೆ ಮಾತ್ರ ಅದರಲ್ಲಿ ಎಡೆಯಿಲ್ಲ.

ರೈತನ ಕಷ್ಟವನ್ನೂ ಇಲ್ಲಿ ಹೇಳಬೇಕು. 2023ರ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಂ ಟೊಮೊಟೊ ಪೆಟ್ಟಿಗೆಯ ಬೆಲೆಯು 2,000 ರೂಪಾಯಿಗಳನ್ನು ದಾಟಿದ್ದಿತು. ಬೇರೆ ಋತುಗಳಲ್ಲಿ ಅದೇ ಪೆಟ್ಟಿಗೆಯು ಬಿಡಿಸಿದ ಕೂಲಿಯನ್ನೂ ಸಾಗಣೆಯನ್ನೂ ತೀರಿಸಲಾರದೆ ಹಣ್ಣು ರಸ್ತೆಯ ಬದಿಗೆ ಬೀಳುವುದುಂಟು. ಕೂಲಿಯು ಪ್ರತಿವರ್ಷವೂ ಸ್ವಲ್ಪಸ್ವಲ್ಪವೇ ಏರುತ್ತದೆ, ಇಳಿಯುವುದಿಲ್ಲ. ಬೆಳೆಯ ಬೆಲೆಯಾದರೋ ಏರಿದಷ್ಟೇ ವೇಗದಿಂದ ಇಳಿಯುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡ ಸಣ್ಣ ಹಿಡುವಳಿದಾರನು ಕೂಲಿ ಹೆಚ್ಚಾಯಿತೆಂದು ನೊಂದುಕೊಂಡರೆ ಅದು ಲೋಭದ ಮಾತಲ್ಲ. ಆತನ ಮನೆಯವರೇ ಬೇರೊಂದು ದಿನ ನೆರೆಯವರ ತೋಟಕ್ಕೆ ಕೂಲಿಗೆ ಹೋಗತಕ್ಕವರೆಂಬುದೂ ಅಷ್ಟೇ ಸತ್ಯ.

ಆಳಿನ ಅಭಾವವು ನೆಲದ ಮೇಲಿನ ಬೆಳೆಯನ್ನೇ ಬದಲಾಯಿಸಬಲ್ಲದೆಂಬುದಕ್ಕೆ ನೀಲಗಿರಿಯ ಕಥೆಯು ಸಾಕ್ಷಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಪ್ರೋತ್ಸಾಹದಿಂದ ಅಂದಿನ ಕೋಲಾರ ಜಿಲ್ಲೆಯ ರಾಗಿಯ ಹೊಲಗಳಲ್ಲಿ ನೀಲಗಿರಿಯು ವಿಸ್ತಾರವಾಗಿ ಹಬ್ಬಿತು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕಳೆಯಿಲ್ಲ, ಕಾವಲಿಲ್ಲ, ಆಳಿನ ಹಂಗಿಲ್ಲ; ಭೂಮಿಯುಳ್ಳವನು ಪಟ್ಟಣದಲ್ಲಿದ್ದುಕೊಂಡೇ ಮರವನ್ನು ಮಾರಬಹುದು. ಆದರೆ ಹಾಗೆ ರಾಗಿಯ ಕೆಲಸವು ಇಲ್ಲವಾದಾಗ ಕೂಲಿಕಾರರ ವರ್ಷದ ದಿನಗಳೂ ಇಲ್ಲವಾದವು. ಕೆಲಸವಿಲ್ಲದವರು ಊರನ್ನು ಬಿಟ್ಟರು. ಮತ್ತೆ ತರಕಾರಿಯ ಕಾಲ ಬಂದಾಗ ಕರೆಯಲು ಅವರು ಊರಿನಲ್ಲಿರಲಿಲ್ಲ. ಅಂತರ್ಜಲದ ಮೇಲಿನ ದುಷ್ಪರಿಣಾಮವನ್ನು ಎಣಿಸಿ ರಾಜ್ಯ ಸರ್ಕಾರವು 2017ರಲ್ಲಿ ನೀಲಗಿರಿಯ ಹೊಸ ನೆಡುವಿಕೆಯನ್ನು ನಿಷೇಧಿಸಿತು.

ರೇಷ್ಮೆ

ಟಿಪ್ಪುಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆಯು ಈ ಪ್ರದೇಶದ ಜೀವನಾಡಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯು ರಾಮನಗರದ ಮಾರುಕಟ್ಟೆಯ ನಂತರದ ಸ್ಥಾನದಲ್ಲಿದ್ದು ರಾಜ್ಯದಲ್ಲಿ ಅತ್ಯಂತ ದೊಡ್ಡವುಗಳ ಪೈಕಿ ಎಣಿಸಲ್ಪಡುತ್ತದೆ. 1959ರ ಶಾಸನದ ಅನ್ವಯ ಗೂಡಿನ ವ್ಯಾಪಾರವು ಸರ್ಕಾರದ ಮಾರುಕಟ್ಟೆಯಲ್ಲಿಯೇ ಹರಾಜಿನಿಂದ ನಡೆಯತಕ್ಕದ್ದು. 1995ರಲ್ಲಿ ಚಿಂತಾಮಣಿಯಲ್ಲಿ ಆರಂಭವಾದ ರೇಷ್ಮೆ ಕೃಷಿ ಮಹಾವಿದ್ಯಾಲಯವು ಈ ಕಸುಬಿನ ಶಾಸ್ತ್ರೀಯ ಶಿಕ್ಷಣವನ್ನು ನೀಡುತ್ತ ಬಂದಿದೆ.

ಹುಳು ಸಾಕುವವನಿಗೆ ಆಳಿನ ಅಭಾವವೆಂಬುದು ಗಂಟೆಗಳ ಲೆಕ್ಕದಲ್ಲಿ ತಿಳಿದುಬರುತ್ತದೆ. ಸುಮಾರು 25 ದಿನಗಳ ತನ್ನ ಹುಳುಜೀವನದಲ್ಲಿ ನಾಲ್ಕು ಸಲ ಪೊರೆ ಬಿಡುವ ರೇಷ್ಮೆಹುಳು, ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲನ್ನು ಕೊನೆಯ ಹಂತದ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆ. ಆಗ ಹಿಪ್ಪುನೇರಳೆಯನ್ನು ಕೊಯ್ದು ತರುವ ಕೈಗಳು ಬಿಡುವಿಲ್ಲದೆ ಬೇಕು. ಆಮೇಲೆ ಹುಳು ಹಣ್ಣಾಗುವುದು. ಹಣ್ಣಾದ ಹುಳುವನ್ನು ಆರಿಸಿ, ಅದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಕೆಲಸವು ಒಂದು ದಿನವೂ ಕಾಯತಕ್ಕದ್ದಲ್ಲ. ಆ ದಿನ ಸಿಕ್ಕ ಆಳಿಗೆ ಕೇಳಿದಷ್ಟು ಕೂಲಿಯನ್ನೂ ಊಟವನ್ನೂ ಕೊಟ್ಟು ಕರೆತರುವುದು ವಾಡಿಕೆ. ಇಪ್ಪತ್ತೈದು ದಿನಗಳ ಶ್ರಮವೆಲ್ಲವೂ ಆ ಒಂದು ಹಗಲಿನಲ್ಲಿ ಉಳಿಯಬೇಕು ಇಲ್ಲವೆ ಅಳಿಯಬೇಕು. ಸೊಪ್ಪನ್ನು ಎಲೆಯೆಲೆಯಾಗಿ ಬಿಡಿಸಿ ತಟ್ಟೆಗಳಲ್ಲಿ ಹುಳು ಸಾಕುತ್ತಿದ್ದ ಹಿಂದಿನ ಕ್ರಮವು ಹೋಗಿ, ರೆಂಬೆಗಳನ್ನೇ ಕತ್ತರಿಸಿ ಅಟ್ಟಣೆಯ ಮೇಲೆ ಹಾಕುವ ಪದ್ಧತಿಯು ಹಬ್ಬಿದುದು ಈ ಅಭಾವದ ಒತ್ತಡದಿಂದಲೇ. ಎಳೆಯ ಹುಳುಗಳನ್ನು ಚಾಕಿ ಕೇಂದ್ರಗಳಿಂದ ಕೊಂಡು ತರುವುದೂ ಹಾಗೆಯೇ.

ಗೂಡು ಹರಾಜಾದ ಮೇಲೆ ನೂಲು ಬಿಚ್ಚುವ ಕಾರ್ಯವು ಆರಂಭವಾಗುತ್ತದೆ. ಚರಕ, ಕಾಟೇಜ್ ಬೇಸಿನ್, ಮಲ್ಟಿ ಎಂಡ್, ಸ್ವಯಂಚಾಲಿತ ಯಂತ್ರ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಈ ಕಸುಬು ಮೇಲೇರಿದ್ದು, ಮೆಟ್ಟಿಲಿಗೊಂದು ಪಾಲು ಆಳಿನ ಅಗತ್ಯವು ತಗ್ಗುತ್ತ ನೂಲಿನ ಗುಣವು ಹೆಚ್ಚುತ್ತ ಬಂದಿದೆ. ಕುದಿಯುವ ನೀರಿನ ತೊಟ್ಟಿಯ ಮುಂದೆ, ಬೆಂದ ಕೋಶದ ವಾಸನೆಯ ನಡುವೆ, ನೀರಿನಲ್ಲಿ ನೆನೆದ ಬೆರಳುಗಳಿಂದ ಎಳೆಯ ಕೊನೆಯನ್ನು ಹುಡುಕಿ ಹಿಡಿಯುವ ಕೆಲಸವು ಚರ್ಮಕ್ಕೂ ಶ್ವಾಸಕೋಶಕ್ಕೂ ಹಾನಿಕರವಾದದ್ದು. ಈ ಕೆಲಸಕ್ಕೆ ಆಳನ್ನು ಹಿಡಿದಿಟ್ಟುಕೊಳ್ಳಲು ರೀಲರುಗಳು ಮುಂಗಡ ಕೊಡುವ ಪದ್ಧತಿಯು ಬಹುಕಾಲ ನಡೆಯಿತು. ಮುಂಗಡವು ತೀರುವ ತನಕ ಆಳು ಬೇರೆಡೆಗೆ ಹೋಗುವಂತಿರಲಿಲ್ಲ. ತಾಯ್ತಂದೆಗಳ ಮುಂಗಡಕ್ಕೆ ಮಕ್ಕಳು ಚರಕದ ಮುಂದೆ ಕುಳಿತ ದಿನಗಳೂ ಕರ್ನಾಟಕದ ರೇಷ್ಮೆಯ ಊರುಗಳಲ್ಲಿದ್ದವು. 2003ರಲ್ಲಿ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಸಂಸ್ಥೆಯೊಂದು ಭಾರತದ ರೇಷ್ಮೆ ಉದ್ಯಮದ ಬಾಲಜೀತದ ಮೇಲೆ ವರದಿಯನ್ನೇ ಪ್ರಕಟಿಸಿತು. ಮಕ್ಕಳು ಶಾಲೆಗೆ ಹೋಗುವಂತಾದುದರಿಂದ ಉದ್ಯಮಕ್ಕೆ ಆಳು ಕಡಿಮೆಯಾಯಿತೆಂದರೆ, ಅದನ್ನು ಅಭಾವವೆಂದು ಕರೆಯುವುದಕ್ಕಿಂತ ಸಾಲ ತೀರಿದುದೆಂದು ಕರೆಯುವುದೇ ನ್ಯಾಯ.

ಕಲ್ಲುಗಣಿ ಮತ್ತು ಗಾರೆಕೆಲಸ

ಬೆಂಗಳೂರಿನ ತಳಪಾಯಗಳಿಗೂ ರಸ್ತೆಗಳಿಗೂ ಬೇಕಾದ ಸೈಜುಗಲ್ಲು, ಜಲ್ಲಿ, ಎಂ-ಸ್ಯಾಂಡುಗಳನ್ನು ಒದಗಿಸುವ ಪ್ರದೇಶಗಳಲ್ಲಿ ಚಿಕ್ಕಬಳ್ಳಾಪುರದ ಬೆಟ್ಟಗುಡ್ಡಗಳು ಮುಖ್ಯವಾದವು. ಕಲ್ಲೊಡೆಯುವುದು ಪರಂಪರೆಯಿಂದ ಭೋವಿ ಸಮುದಾಯದವರ ಕಸುಬಾಗಿದ್ದು, ಉಳಿ ಸುತ್ತಿಗೆಗಳ ಕಾಲದಲ್ಲಿ ಅವರ ಕೈಚಳಕಕ್ಕೆ ಬೆಲೆಯಿದ್ದಿತು. ಕ್ರಷರುಗಳು ಬಂದ ಮೇಲೆ ಕೈಚಳಕದ ಸ್ಥಾನವನ್ನು ಯಂತ್ರವೂ, ದೂರದ ರಾಜ್ಯಗಳಿಂದ ಬಂದ ಆಳುಗಳೂ ತುಂಬಿದರು. ಇಲ್ಲಿ ಕೂಲಿಯು ಹೊಲಕ್ಕಿಂತ ಹೆಚ್ಚು, ಅಪಾಯವೂ ಹೆಚ್ಚು. 2021ರ ಫೆಬ್ರವರಿ 23ರಂದು ಹಿರೇನಾಗವಲ್ಲಿಯ ಬಳಿ ಗಣಿಗೆ ಸಂಬಂಧಿಸಿದ ಜಿಲೆಟಿನ್ ಕಡ್ಡಿಗಳು ಸ್ಫೋಟಿಸಿ 6 ಜನರು ಮಡಿದರು. ಹೊಲದ ಕೂಲಿಯೊಂದಿಗೆ ಗಣಿಯ ಕೂಲಿಯನ್ನು ತೂಗುವಾಗ ಹೆಚ್ಚಿನ ರೂಪಾಯಿಗಳ ಎದುರಿನ ತಟ್ಟೆಯಲ್ಲಿ ಇದನ್ನೂ ಇಡಬೇಕು.

ಗಾರೆಕೆಲಸದ ಆಕರ್ಷಣೆ ಬೇರೆ ತೆರನಾದದ್ದು. ಮಣ್ಣು ಹೊರುವವನಾಗಿ ಸೇರಿದವನು ಸಹಾಯಕನಾಗಿ, ಗಾರೆಯವನಾಗಿ, ಕಡೆಗೆ ಮೇಸ್ತ್ರಿಯಾಗಿ ಏರಬಹುದು. ಹೊಲದ ಕೂಲಿಯಲ್ಲಿ ಇಪ್ಪತ್ತು ವರ್ಷಗಳ ಅನುಭವಿಗೂ ನಿನ್ನೆ ಬಂದವನಿಗೂ ಒಂದೇ ದರ. ಕಂಬಿ ಕಟ್ಟುವುದು, ಟೈಲ್ಸ್ ಹಾಕುವುದು, ಬಣ್ಣ, ವೈರಿಂಗು—ಇವುಗಳಲ್ಲಿ ಯಾವುದನ್ನು ಕಲಿತರೂ ಕೂಲಿಯು ಹೊಲದ ಕೂಲಿಯನ್ನು ಬಹುದೂರ ಹಿಂದೆ ಬಿಡುತ್ತದೆ. ಆದುದರಿಂದಲೇ ಬೆಳಗಿನ ಬಸ್ಸುಗಳಲ್ಲಿಯೂ, ಹಿಂದೂಪುರ, ಗೌರಿಬಿದನೂರುಗಳ ಮಾರ್ಗದ ರೈಲುಗಳಲ್ಲಿಯೂ, ಬಾಡಿಗೆಯ ವಾಹನಗಳಲ್ಲಿಯೂ ಯುವಕರು ನಗರಕ್ಕೆ ಹೋಗುತ್ತಾರೆ. ಆ ದಾರಿಯೂ ನಿರ್ಭಯವಾದುದಲ್ಲ. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಬೆಂಗಳೂರಿನ ಕಡೆಗೆ ಹೊರಟಿದ್ದ ವಾಹನವು ಬಡಿದು 13 ಜನರು ಮೃತರಾದರು. ಗಡಿಯಾಚೆಯ ಊರುಗಳಿಂದ ದುಡಿಮೆಗೆ ಹೊರಟಿದ್ದವರು ಅದರಲ್ಲಿದ್ದರು.

ಕಾರ್ಖಾನೆಗಳು

ಗೌರಿಬಿದನೂರು, ದೊಡ್ಡಬಳ್ಳಾಪುರಗಳ ಸುತ್ತಣ ಸಿದ್ಧ ಉಡುಪಿನ ಕಾರ್ಖಾನೆಗಳು ಹಳ್ಳಿಯ ಹೆಣ್ಣುಮಕ್ಕಳ ಶ್ರಮಜೀವನದಲ್ಲಿ ದೊಡ್ಡ ಪರಿವರ್ತನೆಯನ್ನು ತಂದಿವೆ. ಲೆಕ್ಕ ಹಾಕಿ ನೋಡಿದರೆ ಅಲ್ಲಿಯ ದಿನದ ಸಂಬಳವು ಸುಗ್ಗಿಯ ಕೂಲಿಗಿಂತ ಹೆಚ್ಚೆಂದು ಹೇಳುವಂತಿಲ್ಲ. ಆದರೂ ಕಾರ್ಖಾನೆಯ ವಾಹನವು ಊರಿನ ಬಾಗಿಲಿಗೆ ಬಂದಾಗ ಹೆಣ್ಣಾಳುಗಳು ಅದನ್ನೇ ಹತ್ತುತ್ತಾರೆ. ತಿಂಗಳಿಗೆ ಗೊತ್ತಾದ ಸಂಬಳ, ಭವಿಷ್ಯನಿಧಿ, ಇ.ಎಸ್.ಐ. ಚಿಕಿತ್ಸೆ, ತಲೆಯ ಮೇಲೆ ಸೂರು, ವಾರಕ್ಕೊಂದು ರಜೆ—ಇವುಗಳ ಬೆಲೆಯನ್ನು ಹೊಲದ ಯಜಮಾನನು ಎಣಿಸದಿದ್ದರೂ ದುಡಿಯುವವಳು ಎಣಿಸುತ್ತಾಳೆ. ಭವಿಷ್ಯನಿಧಿಯನ್ನು ಹಿಂತೆಗೆಯುವ ನಿಯಮಗಳನ್ನು ಬಿಗಿಗೊಳಿಸಲು ಹೊರಟಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಡುಪು ಕಾರ್ಖಾನೆಗಳ ಸಹಸ್ರಾರು ಮಹಿಳೆಯರು ಬೀದಿಗಿಳಿದು ಆ ಆಜ್ಞೆಯನ್ನು ಹಿಂತೆಗೆಸಿದರು. ಈ ಉಳಿತಾಯವು ಅವರಿಗೆ ಎಷ್ಟು ಮುಖ್ಯವಾದುದೆಂಬುದು ಅಂದು ದೇಶಕ್ಕೇ ತಿಳಿಯಿತು.

ವಿದ್ಯುನ್ಮಾನ ಉಪಕರಣಗಳ ಕಾರ್ಖಾನೆಗಳು ಇತ್ತೀಚಿನ ಸ್ಪರ್ಧಿಗಳು. ನೆರೆಯ ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು, ಸಂಬಳವು ಸರಿಯಾಗಿ ಸಲ್ಲುತ್ತಿಲ್ಲವೆಂಬ ಕಾರಣದಿಂದ ಗುತ್ತಿಗೆಯ ಕಾರ್ಮಿಕರ ರೋಷವು ದೊಂಬಿಯ ರೂಪವನ್ನು ತಾಳಿತು. ಮಧ್ಯವರ್ತಿ ಗುತ್ತಿಗೆದಾರರ ಮೂಲಕ ಜನರನ್ನು ನೇಮಿಸುವ ಪದ್ಧತಿಯು ಹೊಸ ಕಟ್ಟಡದೊಳಗೆ ಹಳೆಯ ಮೇಸ್ತ್ರಿಗಿರಿಯನ್ನೇ ನಡೆಸಿತ್ತೆಂಬುದು ಅದರಿಂದ ಬೆಳಕಿಗೆ ಬಂದಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಸಂಸ್ಥೆಯು ಸ್ಥಾಪಿಸಿರುವ ಬೃಹತ್ ಕಾರ್ಖಾನೆಯು ಯುವತಿಯರನ್ನೇ ಹೆಚ್ಚಾಗಿ ಸೇರಿಸಿಕೊಳ್ಳುತ್ತಿರುವುದರಿಂದ, ಶಿಡ್ಲಘಟ್ಟ ಚಿಕ್ಕಬಳ್ಳಾಪುರಗಳ ಹಳ್ಳಿಗಳ ಮೇಲೆ ಅದರ ಸೆಳೆತವು ಹೆಚ್ಚುವುದು ಸಹಜ. ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಜೀವಮಾನವಿಡೀ ಪ್ರತಿಪಾದಿಸಿದ ಕೈಗಾರಿಕೀಕರಣವು ಅವರ ಹುಟ್ಟೂರಿನ ಸುತ್ತ ಹೀಗೆ ಸಮೀಪಿಸಿದೆ. ಅದು ಬೇಸಾಯದ ಭೂಮಿಯನ್ನೂ ಬೇಸಾಯದ ಆಳನ್ನೂ ಒಟ್ಟಿಗೇ ಕೇಳುತ್ತಿರುವುದು ಈ ಕಾಲದ ಸಮಸ್ಯೆ.

ಶಾಸನವೂ ದರಗಳೂ

1948ರ ಕನಿಷ್ಠ ವೇತನ ಶಾಸನದ ಅನ್ವಯ ರಾಜ್ಯ ಸರ್ಕಾರವು ಉದ್ಯೋಗವಾರು ದರಗಳನ್ನು ಪ್ರಕಟಿಸುತ್ತ ಬಂದಿತು. ಕೂಲಿಯು ಎಷ್ಟಿರಬೇಕೆಂಬುದಕ್ಕೆ 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಆಹಾರ, ಬಟ್ಟೆ, ವಸತಿಗಳ ಆಧಾರದ ಮೇಲೆ ಅಳತೆಯನ್ನು ನಿರೂಪಿಸಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಗೆ ಸಮಾನವೆಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಸಾರಿತು. 2019ರ ವೇತನ ಸಂಹಿತೆಯು ಹಿಂದಿನ ಶಾಸನಗಳನ್ನು ಒಂದುಗೂಡಿಸಿದೆ.

ಹಳ್ಳಿಗಳಲ್ಲಿ ಕೂಲಿಯ ಕೆಳಗಿನ ಮಿತಿಯನ್ನು ನಿಜವಾಗಿ ಎತ್ತಿ ಹಿಡಿದದ್ದು 2005ರ ಉದ್ಯೋಗ ಖಾತರಿ ಶಾಸನ. ಕರ್ನಾಟಕದಲ್ಲಿ ಅದರ ದಿನದ ಕೂಲಿಯು 2011ರ ಆರಂಭದಲ್ಲಿ 125 ರೂಪಾಯಿ ಇದ್ದುದು 2016–17ರಲ್ಲಿ 224, 2020–21ರಲ್ಲಿ 275, 2024–25ರಲ್ಲಿ 349 ರೂಪಾಯಿಗಳಿಗೆ ಏರಿತು. ಈ ಕೂಲಿಯು ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆಯಿರಕೂಡದೆಂದು 2011ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೇ ತೀರ್ಪಿತ್ತಿದ್ದಿತು. 2024–25ರಲ್ಲಿ ಗಡಿಯಾಚೆಯ ಆಂಧ್ರಪ್ರದೇಶದಲ್ಲಿ ಇದೇ ದರವು 300 ರೂಪಾಯಿ, ತಮಿಳುನಾಡಿನಲ್ಲಿ 319, ಕೇರಳದಲ್ಲಿ 346. ಸರ್ಕಾರದ ಕೆಲಸದ ದರಗಳಲ್ಲಿ ಅಂತರವು ಇಷ್ಟೇ ಆದರೂ ಖಾಸಗಿ ಕೂಲಿಯಲ್ಲಿ ಅದು ಅಗಾಧವಾದದ್ದು: ರಿಸರ್ವ್ ಬ್ಯಾಂಕು ಪ್ರಕಟಿಸಿರುವ ಅಂಕಿಗಳಂತೆ 2022–23ರಲ್ಲಿ ಗ್ರಾಮೀಣ ಗಂಡಸಿನ ಬೇಸಾಯದ ಕೂಲಿಯ ಸರಾಸರಿಯು ದೇಶದಲ್ಲಿ ಸುಮಾರು 346 ರೂಪಾಯಿ, ಕೇರಳದಲ್ಲಿ ಸುಮಾರು 764, ಮಧ್ಯಪ್ರದೇಶದಲ್ಲಿ ಸುಮಾರು 229. ಬಿಹಾರ, ಒಡಿಶಾ, ಅಸ್ಸಾಂಗಳ ಯುವಕರು ದಕ್ಷಿಣದ ಕಡೆಗೆ ರೈಲು ಹತ್ತುವುದೂ, ಹಿಂದೂಪುರದವನು ಗೌರಿಬಿದನೂರಿಗೂ ಗೌರಿಬಿದನೂರಿನವನು ಬೆಂಗಳೂರಿಗೂ ಹೋಗುವುದೂ ಇಂತಹ ಇಳಿಜಾರಿನ ಪರಿಣಾಮವೇ.

ಅಭಾವದ ಕಾರಣಗಳು

ಉಚಿತ ಅಕ್ಕಿಯಿಂದಲೂ ಉದ್ಯೋಗ ಖಾತರಿಯಿಂದಲೂ ಜನ ಸೋಮಾರಿಗಳಾದರೆಂಬ ಮಾತು ಸುಲಭವಾಗಿ ಕೇಳಿಬರುತ್ತದೆ. ಈ ವಾದವು ಪರೀಕ್ಷೆಗೆ ನಿಲ್ಲುವುದಿಲ್ಲ. ನಸುಕಿನಲ್ಲಿ ಎದ್ದು ಅಡಿಗೆ ಮುಗಿಸಿ ಕಾರ್ಖಾನೆಯ ವಾಹನಕ್ಕೆ ಕಾಯುವ ಹೆಂಗಸನ್ನೂ, ರಾತ್ರಿ ಒಂಬತ್ತಕ್ಕೆ ಊರು ಸೇರುವ ಗಾರೆಯವನನ್ನೂ ಸೋಮಾರಿಗಳೆಂದು ಕರೆಯಲು ಸಾಧ್ಯವಿಲ್ಲ. ಮನೆಯಲ್ಲಿ ಅಕ್ಕಿಯಿರುವವನು ಇಂದೇ ಯಾವ ಕೂಲಿಗಾದರೂ ಹೋಗಬೇಕಾದ ನಿರ್ಬಂಧದಿಂದ ಬಿಡುಗಡೆ ಹೊಂದಿ, ಕೂಲಿಯನ್ನು ಕುರಿತು ಮಾತನಾಡಬಲ್ಲವನಾದನು, ಅಷ್ಟೇ. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ ದೂರದ ಕೆಲಸವನ್ನೂ ಹುಡುಕಿ ಹೋಗುವುದು ಅವರಿಗೆ ಸುಸಾಧ್ಯವಾಯಿತು.

ಮೂಲಕಾರಣಗಳು ಇನ್ನೂ ಆಳವಾದವು. ಕುಟುಂಬಗಳು ಚಿಕ್ಕವಾಗಿವೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮಹಿಳೆಯೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆಯು 1.7. ಮಕ್ಕಳು ಓದಿದ್ದಾರೆ, ಓದಿದವನಿಗೆ ಹೊಲದ ಕೆಲಸವು ಕೀಳೆಂಬ ಭಾವನೆಯನ್ನು ಸಮಾಜವೇ ಕೊಟ್ಟಿದೆ. ಹಳ್ಳಿಯಲ್ಲಿ ಶ್ರಮವು ಮಿತಿಯಿಲ್ಲದೆ ದೊರೆಯುವ ತನಕ ಕೂಲಿಯು ಏರದೆಂದೂ, ಆ ಮಿಗಿಲು ತೀರಿದ ಮೇಲೆ ಏರತೊಡಗುವುದೆಂದೂ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ಪ್ರತಿಪಾದಿಸಿದನು. ಬೆಂಗಳೂರಿನ ಮಗ್ಗುಲಿನ ಈ ತಾಲ್ಲೂಕುಗಳಲ್ಲಿ ಆ ತಿರುವು ಸುಗ್ಗಿಯ ವಾರಗಳಲ್ಲಿ ಕಾಣುತ್ತದೆ, ಬೇಸಗೆಯಲ್ಲಿ ಮರೆಯಾಗುತ್ತದೆ.

ಆಳು ವಿರಳವಾದಾಗ ಅದನ್ನು ಕಟ್ಟಿಹಾಕುವ ಯತ್ನವು ಇಲ್ಲಿ ಮಾತ್ರ ನಡೆದುದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಹಾಮಾರಿಯಿಂದ ಜನಸಂಖ್ಯೆಯು ಕುಸಿದು ಕೂಲಿಯು ಏರಿದಾಗ, ಇಂಗ್ಲೆಂಡಿನ ಪಾರ್ಲಿಮೆಂಟು 1351ರ ಶಾಸನದಿಂದ ಕೂಲಿಯನ್ನು ಹಿಂದಿನ ಮಟ್ಟಕ್ಕೇ ನಿಲ್ಲಿಸಲೂ, ಆಳುಗಳು ಊರು ಬಿಡದಂತೆ ತಡೆಯಲೂ ಹೊರಟಿತು. ಅದು ಬಹುಕಾಲ ನಡೆಯಲಿಲ್ಲ. 2020ರ ಮೇ ತಿಂಗಳಿನಲ್ಲಿ, ಕೋವಿಡ್ ನಿರ್ಬಂಧದ ನಡುವೆ ಊರಿಗೆ ಹೊರಟ ಪರರಾಜ್ಯದ ಕಾರ್ಮಿಕರ ರೈಲುಗಳನ್ನು ಕರ್ನಾಟಕ ಸರ್ಕಾರವು ರದ್ದುಗೊಳಿಸಿ, ವ್ಯಾಪಕವಾದ ವಿರೋಧದಿಂದ ಕೆಲವೇ ದಿನಗಳಲ್ಲಿ ಪುನಃ ಬಿಡಬೇಕಾಯಿತು. ದುಡಿಯುವವನನ್ನು ತಡೆದು ನಿಲ್ಲಿಸಿದರೆ ಅಭಾವವು ನೀಗದು.

ಪರಿಣಾಮಗಳೂ ಪರಿಹಾರಗಳೂ

ಅಭಾವಕ್ಕೆ ಉದ್ಯಮಗಳು ಕೊಟ್ಟಿರುವ ಉತ್ತರಗಳು ಮೂರು ಬಗೆಯವು. ಯಂತ್ರವನ್ನು ತಂದುದು ಮೊದಲನೆಯದು: ರಾಗಿ ಕೊಯ್ಯುವ ಯಂತ್ರ, ಹನಿ ನೀರಾವರಿ, ಕಳೆಯನ್ನು ತಡೆಯುವ ಪ್ಲಾಸ್ಟಿಕ್ ಹೊದಿಕೆ, ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರಗಳು ಇದಕ್ಕೆ ನಿದರ್ಶನ. ಹೆಚ್ಚು ಆಳನ್ನು ಬೇಡದ ಬೆಳೆಗೆ ಮಾರುಹೋದುದು ಎರಡನೆಯದು. ಮಾವು, ನೀಲಗಿರಿ, ಬೀಳುಬಿಟ್ಟ ಹೊಲಗಳು ಈ ಸಾಲಿಗೆ ಸೇರುತ್ತವೆ. ಇನ್ನೂ ಬಡವಾದ ಪ್ರದೇಶದಿಂದ ಆಳನ್ನು ಕರೆತಂದುದು ಮೂರನೆಯದು. ಮೂರೂ ಅನಿವಾರ್ಯವಾಗಿ ಬಂದವು. ಆದರೆ ಊರಿನ ಆಳು ಊರಿನ ಕೆಲಸವನ್ನು ಏಕೆ ಬಿಟ್ಟನೆಂಬ ಪ್ರಶ್ನೆಗೆ ಅವುಗಳಲ್ಲಿ ಒಂದೂ ಉತ್ತರವಾಗಲಿಲ್ಲ.

ಅದಕ್ಕೆ ಉತ್ತರವಾಗಬಲ್ಲ ದಾರಿಗಳೂ ಇಲ್ಲಿಯ ಅನುಭವದಲ್ಲಿಯೇ ಇವೆ. ಉದ್ಯೋಗ ಖಾತರಿಯ ಹಣದಿಂದ ಸಣ್ಣ ರೈತನು ತನ್ನ ಹೊಲದಲ್ಲಿಯೇ ಹಿಪ್ಪುನೇರಳೆಯನ್ನು ನೆಟ್ಟು ಕೂಲಿಯನ್ನೂ ತೋಟವನ್ನೂ ಪಡೆದುದು ಒಂದು ಮೇಲ್ಪಂಕ್ತಿ. ಅಲ್ಲಿ ಕೂಲಿಕಾರನಿಗೂ ರೈತನಿಗೂ ನಡುವಿನ ಗೋಡೆಯು ಬಿದ್ದುಹೋಯಿತು. ಗುಂಪುಗಳಾಗಿ ಗುತ್ತಿಗೆ ಹಿಡಿಯುವ ಹೆಂಗಸರು ಸಂಘವಾಗಿ ನೋಂದಣಿ ಹೊಂದಿ, ಊರೂರಿನ ಹುಳು ಹಣ್ಣಾಗುವ ದಿನಗಳನ್ನೂ ತೋಟಗಳ ಸರದಿಯನ್ನೂ ಮೊದಲೇ ಗೊತ್ತುಮಾಡಿಕೊಂಡರೆ ಚದುರಿದ ದಿನಗೂಲಿಗಳು ತಿಂಗಳಿನ ಸಂಬಳದ ರೂಪವನ್ನು ಪಡೆಯಬಲ್ಲವು. ಹೊಲದ ಆಳಿಗೂ ಭವಿಷ್ಯನಿಧಿ, ಚಿಕಿತ್ಸೆ, ಅಪಘಾತದ ಪರಿಹಾರಗಳು ಕಟ್ಟಡ ಕಾರ್ಮಿಕರ ಮಂಡಲಿಯ ಮಾದರಿಯಲ್ಲಿ ಸಲ್ಲಬೇಕು. ಆದರೆ ಇದರ ಭಾರವನ್ನು ಟೊಮೊಟೊ ಬೆಳೆಯುವ ಎರಡು ಎಕರೆಯವನ ಮೇಲೆಯೇ ಹೊರಿಸುವುದು ಅನ್ಯಾಯ. ಬೆಳೆಗೆ ನಿಶ್ಚಿತವಾದ ಬೆಲೆ ದೊರೆಯದೆ ಕೂಲಿಗೆ ನಿಶ್ಚಿತತೆಯು ಬಾರದು.

ಹೀಗೆ ಉದ್ಯಮಗಳನ್ನೆಲ್ಲ ಒಂದರ ಪಕ್ಕದಲ್ಲೊಂದಾಗಿ ಇರಿಸಿ ನೋಡಿದಾಗ, ಕೂಲಿಯು ಅತ್ಯಂತ ಹೆಚ್ಚಿದ್ದಲ್ಲಿಗೇ ಜನರು ಹೋಗುತ್ತಾರೆಂಬ ಸರಳಸೂತ್ರವು ನಿಲ್ಲುವುದಿಲ್ಲ. ಗಣಿಯಲ್ಲಿ ಕೂಲಿ ಹೆಚ್ಚಿದ್ದರೂ ಊರಿನವರು ಹಿಂಜರಿಯುತ್ತಾರೆ. ಕಾರ್ಖಾನೆಯಲ್ಲಿ ಅಷ್ಟು ಹೆಚ್ಚಿಲ್ಲದಿದ್ದರೂ ಹೋಗುತ್ತಾರೆ. ಮುಂಗಡ ಕೊಟ್ಟವನಿಂದ ದೂರ ಸರಿಯುತ್ತಾರೆ. ಹೆಸರು ಹಿಡಿದು ಗೌರವದಿಂದ ಕರೆದು, ಸಂಜೆಯೇ ಬಟವಾಡೆ ಮಾಡುವವನ ತೋಟಕ್ಕೆ ಸುಗ್ಗಿಯಲ್ಲಿಯೂ ಬರುತ್ತಾರೆ. ಕೆಂಚಾರ್ಲಹಳ್ಳಿಯ ಸುತ್ತಿನ ಹೊಲಗಳಲ್ಲಿ ಇಂದು ‘ಆಳು ಸಿಗುವುದಿಲ್ಲ’ ಎಂಬ ಮಾತನ್ನು ಕೇಳಿದಾಗ, ಎರಡು ತಲೆಮಾರುಗಳ ಹಿಂದೆ ಅದೇ ಹೊಲಗಳಲ್ಲಿ ಜೀತವನ್ನು ಬಿಟ್ಟು ಹೋಗಲಾರದೆ ದುಡಿದವರನ್ನು ನೆನೆಯಬೇಕು. ಅವರ ಮೊಮ್ಮಕ್ಕಳು ಈಗ ಬಾರೆನೆಂದು ಹೇಳಬಲ್ಲರು. ಅವರು ಬರುತ್ತೇನೆಂದು ಹೇಳುವಂತೆ ಹೊಲದ ದುಡಿಮೆಯನ್ನು ತಿದ್ದಿಕೊಳ್ಳುವುದು ಈ ಸೀಮೆಯ ರೈತನಿಗೂ, ಉದ್ಯಮಿಗೂ, ಸರ್ಕಾರಕ್ಕೂ ಉಳಿದಿರುವ ಕೆಲಸ.